ಗುಳೆಗೆ ಕಾವಿ ಹೊದಿಸಿದವರು

ಕ್ಲೋಯಿ ಝಾವೋ ನಿರ್ದೇಶಿಸಿದ ‘ನೋಮ್ಯಾಡ್‌ಲ್ಯಾಂಡ್’ ಚಿತ್ರದ ಬಗ್ಗೆ ಕನ್ನಡದಲ್ಲಿ ಒಂದು ಒಡಕು ಮಾತನ್ನೂ ನಾನು ಕೇಳಿಲ್ಲ. 2020ರಲ್ಲಿ ವೆನಿಸ್‌ನ ಗೋಲ್ಡನ್ ಲಯನ್, 2021ರಲ್ಲಿ ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ ಎಂದು ಮೂರು ಆಸ್ಕರ್. ಇಷ್ಟೆಲ್ಲ ಬಂದ ಮೇಲೂ ಒಡಕು ಮಾತಾಡುವವನಿಗೆ ಹೊಟ್ಟೆಕಿಚ್ಚು ಎನ್ನುತ್ತಾರೆ. ಅನ್ನಲಿ. ಹೊರಗಿನವರು ಕೊಟ್ಟ ಬಹುಮಾನದ ಬಗ್ಗೆ ನನ್ನ ತಕರಾರಿಲ್ಲ. ನಮ್ಮವರು ಕೊಟ್ಟ ಬಿರುದಿನ ಬಗ್ಗೆ ಇದೆ. ನಾನು ಕೂತು ಕೇಳಿದ ಚರ್ಚೆಗಳಲ್ಲೆಲ್ಲ ನಮ್ಮ ವಿಮರ್ಶಕರು ಒಂದೇ ಪದಕ್ಕೆ ಜೋತುಬಿದ್ದರು: ಜಂಗಮ. ಗಾಲಿಯ ಮೇಲೆ ಮನೆ ಮಾಡಿಕೊಂಡು ತಿರುಗುವ ಈ ವೃದ್ಧರು ಸ್ಥಾವರವನ್ನು ಕಳಚಿಟ್ಟವರಂತೆ. ನಿವೃತ್ತ ಗಂಡಹೆಂಡತಿ ಮನೆ ಮಾರಿ, ಕಾರವಾನ್ ಕೊಂಡು, ವರ್ಷವಿಡೀ ಸುತ್ತುವುದು ನಮ್ಮ ಕಾಲದ ವಾನಪ್ರಸ್ಥವಂತೆ.

ಈ ಚಿತ್ರ ನಾನು ನೋಡಿದ್ದು ಇರಕಲ್ಲಗಡದ ನಮ್ಮ ಪಡಸಾಲೆಯಲ್ಲಿ, ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು. ಪಕ್ಕದಲ್ಲಿ ಹೆಂಡತಿ ಶೇಂಗಾ ಸುಲಿಯುತ್ತ ಕೂತಿದ್ದಳು. ಅರ್ಧ ಚಿತ್ರ ಮುಗಿಯುವ ಹೊತ್ತಿಗೆ ಆಕೆ ಎರಡು ಮಾತು ಕೇಳಿದಳು. ಮೊದಲನೆಯದು, “ರೀ, ಇದು ಗುಳೇ ಹೋದವ್ರ ಕತಿ ಅಲ್ಲೇನು?” ಎರಡನೆಯದು, “ಎಲ್ಲಾ ಚಲೋ ಐತಿ, ಈಕಿ ಒಲಿ ಹಚ್ಚೂದು ಯಾವಾಗ?” ಈ ಲೇಖನ ಆ ಎರಡು ಪ್ರಶ್ನೆಗಳ ಬೆನ್ನು ಹತ್ತಿದ್ದು.

ಕತೆ ಗೊತ್ತಿದ್ದದ್ದೇ. ನೆವಾಡಾದ ಎಂಪೈರ್ ಎಂಬ ಕಾರ್ಖಾನೆ ಊರು 2011ರಲ್ಲಿ ಜಿಪ್ಸಂ ಘಟಕದ ಜೊತೆಗೇ ಮುಚ್ಚಿತು. ಅದರ ಅಂಚೆ ಪಿನ್ ಸಂಖ್ಯೆಯನ್ನೂ ರದ್ದು ಮಾಡಿದರು. ಗಂಡನನ್ನು ಕಳೆದುಕೊಂಡ ಫರ್ನ್ ಒಂದು ವ್ಯಾನನ್ನೇ ಮನೆ ಮಾಡಿಕೊಂಡು ಹೊರಡುತ್ತಾಳೆ. ಹೊರಟು ಎಲ್ಲಿಗೆ ಹೋಗುತ್ತಾಳೆ ಎಂಬುದನ್ನು ನಮ್ಮ ವಿಮರ್ಶಕರು ಒಮ್ಮೆ ಬೆರಳು ಮಡಚಿ ಎಣಿಸಬೇಕಿತ್ತು. ಕ್ರಿಸ್‌ಮಸ್ ಹಂಗಾಮಿಗೆ ಅಮೆಜಾನ್ ಗೋದಾಮು. ಬೇಸಿಗೆಗೆ ಬ್ಯಾಡ್‌ಲ್ಯಾಂಡ್ಸ್‌ನ ಶಿಬಿರದಲ್ಲಿ ಶೌಚಾಲಯ ತೊಳೆಯುವುದು. ಆಮೇಲೆ ಹೋಟೆಲಿನ ಅಡುಗೆಮನೆ, ಅದಾದ ಮೇಲೆ ಬೀಟ್ ಗಡ್ಡೆಯ ಸುಗ್ಗಿ. ಇದು ಪ್ರವಾಸದ ನಕಾಶೆಯಲ್ಲ, ಕೂಲಿಯ ಕ್ಯಾಲೆಂಡರು. ಇಂಥ ಕ್ಯಾಲೆಂಡರು ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯವರಿಗೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಕೆಲಸ ತೀರಿದ ಮೇಲೆ ಓಣಿಯ ಎಷ್ಟೋ ಬಾಗಿಲುಗಳಿಗೆ ಬೀಗ ಬೀಳುತ್ತವೆ. ಕೊಡ, ಹಂಚು, ಕೌದಿ, ಒಂದು ಚೀಲ ಜೋಳ ಕಟ್ಟಿಕೊಂಡು ಮಂಗಳೂರು, ಗೋವಾ, ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅದಕ್ಕೆ ನಮ್ಮಲ್ಲಿ ಇರುವ ಹೆಸರು ಗುಳೆ. ಯಾರೂ ಅದನ್ನು ಜಂಗಮ ಅಂದದ್ದಿಲ್ಲ.

ಒಂದು ವ್ಯತ್ಯಾಸ ಉಂಟು. ನಮ್ಮಲ್ಲಿ ಮಕ್ಕಳು ಗುಳೆ ಹೋಗುತ್ತಾರೆ, ಮುದುಕರು ಮೊಮ್ಮಕ್ಕಳ ಜೊತೆ ಮನೆ ಕಾಯುತ್ತಾರೆ. ಅಲ್ಲಿ ಮುದುಕರೇ ಗುಳೆ ಹೋಗುತ್ತಾರೆ, ಮಕ್ಕಳು ಮನೆಯಲ್ಲಿದ್ದು ಸಾಲದ ಕಂತು ಕಟ್ಟುತ್ತಾರೆ. ಫರ್ನಳ ಗೆಳತಿ, ಅರವತ್ತು ದಾಟಿದ ಲಿಂಡಾ ಮೇ ತನಗೆ ಬರುವ ಪಿಂಚಣಿ ತಿಂಗಳಿಗೆ 550 ಡಾಲರ್ ಎಂದು ಚಿತ್ರದಲ್ಲೇ ಹೇಳುತ್ತಾಳೆ. ಹನ್ನೆರಡನೇ ವಯಸ್ಸಿನಿಂದ ದುಡಿದವಳು ಆಕೆ. ಚಿತ್ರಕ್ಕೆ ಮೂಲವಾದ ಜೆಸಿಕಾ ಬ್ರೂಡರ್ ಅವರ 2017ರ ಪುಸ್ತಕಕ್ಕೆ ಒಂದು ಉಪಶೀರ್ಷಿಕೆ ಇದೆ. ಅದರಲ್ಲಿರುವುದು ಅಮೆರಿಕದಲ್ಲಿ ಬದುಕಿ ಉಳಿಯುವ ಮಾತು, ಅಲೆದಾಟದ ಸೊಗಸಲ್ಲ. ಅಮೆಜಾನ್ ಈ ವ್ಯಾನ್‌ವಾಸಿಗಳನ್ನೇ ಹುಡುಕಿ ಹಂಗಾಮಿ ಕೆಲಸಕ್ಕೆ ಸೇರಿಸಿಕೊಳ್ಳಲು ಕ್ಯಾಂಪರ್‌ಫೋರ್ಸ್ ಎಂಬ ವ್ಯವಸ್ಥೆ ಮಾಡಿತ್ತು. ಗೋದಾಮಿನ ಗೋಡೆಗೆ ನೋವಿನ ಮಾತ್ರೆಯ ಪೆಟ್ಟಿಗೆ ತೂಗುಹಾಕಿ ಪುಕ್ಕಟೆ ಹಂಚುತ್ತಿದ್ದರು ಎಂದು ಬ್ರೂಡರ್ ಬರೆಯುತ್ತಾರೆ. ಚಿತ್ರದಲ್ಲಿ ಅದೇ ಗೋದಾಮು ಸ್ವಚ್ಛವಾಗಿದೆ, ವಿಶಾಲವಾಗಿದೆ. ಫರ್ನ್ ಒಳ್ಳೆಯ ಸಂಬಳ ಎಂದು ಹೇಳಿ ಮುಂದೆ ಹೋಗುತ್ತಾಳೆ. ಪುಸ್ತಕದಲ್ಲಿದ್ದ ಮಂಡಿನೋವು ಪರದೆಗೆ ಬರುವಾಗ ಸೂರ್ಯಾಸ್ತವಾಗಿದೆ.

ಇನ್ನು ಒಲೆಯ ಪ್ರಶ್ನೆ. ಅದಕ್ಕೆ ಚಿತ್ರದ ಒಂದೇ ಒಂದು ದೃಶ್ಯವನ್ನು ಹಿಡಿದು ನೋಡಿದರೆ ಸಾಕು. ಎಲ್ಲರೂ ಮೆಚ್ಚಿದ ದೃಶ್ಯವೇ ಅದು: ತಟ್ಟೆ ಒಡೆಯುವುದು.

ಫರ್ನ್ ಹತ್ತಿರ ಪಿಂಗಾಣಿ ತಟ್ಟೆಗಳ ಒಂದು ಸೆಟ್ಟಿದೆ. ಶರತ್ಕಾಲದ ಎಲೆಗಳ ಚಿತ್ತಾರದ್ದು. ಅಪ್ಪ ಹಳೇ ಸಾಮಾನಿನ ಮಾರಾಟಗಳಲ್ಲಿ ಒಂದೊಂದಾಗಿ ಕೂಡಿಸಿ, ಶಾಲೆ ಮುಗಿಸಿದಾಗ ಮಗಳಿಗೆ ಕೊಟ್ಟದ್ದು. ಡೇವ್ ಎಂಬ ಸಾಧು ಸ್ವಭಾವದ ಮನುಷ್ಯ, ಅವಳ ಮೇಲೆ ಮನಸ್ಸಿರುವವನು, ಕೈಜೋಡಿಸಲು ಹೋಗಿ ಪೆಟ್ಟಿಗೆ ಎತ್ತುತ್ತಾನೆ. ಪೆಟ್ಟಿಗೆಯ ತಳ ಕಳಚಿ ತಟ್ಟೆಗಳು ನೆಲಕ್ಕೆ ಬೀಳುತ್ತವೆ. ಅವಳು ಸಿಡುಕುತ್ತಾಳೆ. ಆಮೇಲೆ ಒಬ್ಬಳೇ ಕೂತು ಚೂರುಗಳನ್ನು ಅಂಟಿನಿಂದ ಜೋಡಿಸುತ್ತಾಳೆ. ನೆನಪು ಒಡೆಯುವುದು, ನೆನಪನ್ನು ಕೂಡಿಸುವುದು: ನಮ್ಮ ವಿಮರ್ಶಕರು ಇಷ್ಟು ಹೇಳಿ ಕಣ್ಣೊರೆಸಿಕೊಂಡರು.

ನಾನು ಈ ದೃಶ್ಯವನ್ನು ನಾಲ್ಕು ಸಲ ಹಿಂದೆ ಸರಿಸಿ ನೋಡಿದೆ. ಮೊದಲ ಮಾತು, ವ್ಯಾನಿನಲ್ಲಿ ಪಿಂಗಾಣಿ ಯಾಕೆ? ಗುಳೆ ಹೋಗುವವರು ಒಡೆಯುವ ವಸ್ತುವನ್ನು ಕಟ್ಟಿಕೊಂಡು ಹೋಗುವುದಿಲ್ಲ. ನಮ್ಮ ಮನೆಗಳಲ್ಲೂ ತಂದೆ ಕೊಟ್ಟ ಪಾತ್ರೆ ಇರುತ್ತದೆ. ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಗಂಗಾಳ, ಅಂಚಿಗೆ ಚುಕ್ಕಿ ಚುಕ್ಕಿಯಾಗಿ ಕೊಟ್ಟವರ ಹೆಸರು, ಮದುವೆಯ ತಾರೀಖು. ಮಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಅದು ಹತ್ತು ಸಲ ಬಿದ್ದರೂ ಹೆಸರು ಅಳಿಯುವುದಿಲ್ಲ, ಸೊಟ್ಟಾಗುತ್ತದೆ ಅಷ್ಟೆ. ಆ ಗಂಗಾಳದಲ್ಲಿ ದಿನಾ ಉಣ್ಣುತ್ತಾರೆ. ಫರ್ನಳ ತಟ್ಟೆ ಉಣ್ಣುವ ತಟ್ಟೆಯಲ್ಲ, ಇಟ್ಟು ಪೂಜಿಸುವ ತಟ್ಟೆ. ಅಂದರೆ ಅವಳು ಸ್ಥಾವರವನ್ನು ಬಿಟ್ಟು ಬಂದಿಲ್ಲ, ಪೆಟ್ಟಿಗೆಯಲ್ಲಿ ಹಾಕಿ ಹೊತ್ತುಕೊಂಡು ಬಂದಿದ್ದಾಳೆ. ಇದು ಚಿತ್ರಕ್ಕೆ ಗೊತ್ತಿದೆ. ಜಂಗಮ ಅಂದವರಿಗೆ ಗೊತ್ತಾಗಲಿಲ್ಲ.

ಎರಡನೆಯ ಮಾತು ಹೆಚ್ಚು ಮುಖ್ಯವಾದದ್ದು. ಗಂಡಸೊಬ್ಬ ಅವಳ ಸಾಮಾನಿಗೆ ಕೈ ಹಚ್ಚಿದ ಕೂಡಲೇ ಪಾತ್ರೆ ಒಡೆಯುವಂತೆ ಚಿತ್ರ ಏರ್ಪಾಡು ಮಾಡಿದೆ. ಡೇವ್ ಕೆಟ್ಟವನಲ್ಲ, ಕುಡುಕನಲ್ಲ. ತಪ್ಪೆಂದರೆ ಅವನು ಎರಡನೆಯ ಮನುಷ್ಯ. ಈ ವ್ಯಾನಿನಲ್ಲಿ ಎರಡನೆಯ ಮನುಷ್ಯನಿಗೆ ಜಾಗವಿಲ್ಲ. ಮುಂದೆ ಡೇವ್ ತನ್ನ ಮಗನ ಮನೆ ಸೇರಿ ಅಲ್ಲೇ ನಿಲ್ಲುತ್ತಾನೆ, ಅವಳನ್ನೂ ಇರು ಎನ್ನುತ್ತಾನೆ, ಅವಳು ಬೆಳಗಿನ ಜಾವ ಹೇಳದೆ ಹೊರಟುಬಿಡುತ್ತಾಳೆ. ಗಂಡ ಬೋ ಚಿತ್ರ ಶುರುವಾಗುವ ಮೊದಲೇ ಸತ್ತಿದ್ದಾನೆ. ಗಾಲಿಯ ಮೇಲಿನ ಮನೆ ಬಿಡುಗಡೆಯಾಗಿ ಕಾಣಬೇಕಾದರೆ ಅದರಲ್ಲಿ ಒಬ್ಬರೇ ಇರಬೇಕು. ಇಬ್ಬರಿದ್ದರೆ ಅದು ಮನೆಯೇ ಆಗಿಬಿಡುತ್ತದೆ: ಅಡುಗೆ ಯಾರು, ಪಾತ್ರೆ ಯಾರು, ಎದ್ದ ಹಾಸಿಗೆ ಮಡಚುವವರು ಯಾರು ಎಂಬ ಪ್ರಶ್ನೆ ಬರುತ್ತದೆ. ಝಾವೋ ಅವರ ಜಾಣತನ ಇರುವುದು ಆ ಪ್ರಶ್ನೆ ಹುಟ್ಟುವ ಜಾಗವನ್ನೇ ಖಾಲಿ ಮಾಡಿದ್ದರಲ್ಲಿ. ಅಡುಗೆ ಎಂಬ ಕೆಲಸ ಚಿತ್ರದಲ್ಲಿ ಒಂದೆರಡು ನೋಟಕ್ಕೆ ಮುಗಿಯುತ್ತದೆ. ಅಂಟಿಸಿದ ಆ ತಟ್ಟೆಗಳಲ್ಲಿ ಯಾರಾದರೂ ಉಂಡರೇ? ಕ್ಯಾಮೆರಾಕ್ಕೆ ಅವಳ ಬೆರಳು ಬೇಕಿತ್ತು, ಊಟ ಬೇಕಿರಲಿಲ್ಲ.

ನಿಜವಾದ ನಿವೃತ್ತ ಜೋಡಿಯ ಬಂಡಿ ಚಿತ್ರದಲ್ಲಿ ಬರುತ್ತದೆ, ಆದರೆ ಆಟದ ಸಾಮಾನಾಗಿ. ಅರಿಜೋನಾದಲ್ಲಿ ಫರ್ನ್ ಮತ್ತು ಗೆಳತಿಯರು ಮಾರಾಟಕ್ಕಿಟ್ಟ ಭಾರೀ ಐಷಾರಾಮಿ ಗಾಡಿಯೊಳಗೆ ಹತ್ತಿ, ಚಿಕ್ಕ ಮಕ್ಕಳ ಹಾಗೆ ನಕ್ಕು ಇಳಿಯುತ್ತಾರೆ. ಅಂಥ ಗಾಡಿ ಕೊಳ್ಳುವ ಜೋಡಿಯ ದಿನಚರಿಯನ್ನು ಯೋಚಿಸಿ ನೋಡಿ. ರಸ್ತೆಯ ಕಾನೂನಿನ ಪ್ರಕಾರ ಅಗಲ ಹೆಚ್ಚೆಂದರೆ ಎಂಟೂವರೆ ಅಡಿ. ಕುಡಿಯುವ ನೀರಿಗೊಂದು, ಪಾತ್ರೆ ತೊಳೆದ ನೀರಿಗೊಂದು, ಪಾಯಿಖಾನೆಗೊಂದು, ಮೂರು ಟ್ಯಾಂಕು. ನಿಂತಲ್ಲೆಲ್ಲ ಗಾಲಿ ಸಮ ಮಾಡಬೇಕು, ಕರೆಂಟಿನ ವೈರು ಜೋಡಿಸಬೇಕು, ತುಂಬಿದ ಟ್ಯಾಂಕು ಖಾಲಿ ಮಾಡಬೇಕು. ಇಷ್ಟಾದ ಮೇಲೆ ಎರಡು ಹೊತ್ತಿನ ಅಡುಗೆ, ಕೈಚಾಚಿದರೆ ಗೋಡೆ ತಗಲುವ ಜಾಗದಲ್ಲಿ. ಗಂಡಸಿಗೆ ನೌಕರಿಯಿಂದ ನಿವೃತ್ತಿ ಬರುತ್ತದೆ. ಒಲೆಯಿಂದ ನಿವೃತ್ತಿ ಕೊಡುವ ಇಲಾಖೆ ನೆವಾಡಾದಲ್ಲೂ ಇಲ್ಲ, ಕೊಪ್ಪಳದಲ್ಲೂ ಇಲ್ಲ. ವಾನಪ್ರಸ್ಥ ಎಂದ ಮಿತ್ರರು ಕಾಡಿಗೆ ಹೋಗುವವರು ಫ್ರಿಜ್ಜು ಒಯ್ಯುತ್ತಾರೆಯೇ ಎಂದು ಕೇಳಿಕೊಳ್ಳಲಿಲ್ಲ.

ಈಗ ಜಂಗಮದ ಜಗಳಕ್ಕೆ ಬರುತ್ತೇನೆ. ಇದನ್ನು ಬೇಗ ಮುಗಿಸುವ ಮನಸ್ಸು ನನಗಿಲ್ಲ. ಬಸವಣ್ಣನವರು ಸ್ಥಾವರ ಮತ್ತು ಜಂಗಮವನ್ನು ಎದುರುಬದುರು ನಿಲ್ಲಿಸಿದರು, ನಿಜ. ಆದರೆ ಜಂಗಮ ಅಂದರೆ ಚಲಿಸುವ ವಸ್ತು ಎಂದಷ್ಟೇ ಓದಿಕೊಂಡರೆ ಲಾರಿಯೂ ಜಂಗಮವೇ. ನಮ್ಮ ಊರುಗಳಲ್ಲಿ ಜಂಗಮ ಜೋಳಿಗೆ ಹಿಡಿದು ಬಾಗಿಲಿಗೆ ಬರುತ್ತಾನೆ. ಅವನಿಗೆ ಅಡುಗೆಮನೆ ಇಲ್ಲ. ಊರಿನ ಅಡುಗೆಮನೆಗಳೆಲ್ಲ ಅವನವು. ಕೊಡುವ ಮನೆ ನಿಂತಲ್ಲಿ ನಿಂತಿದ್ದರೆ ಮಾತ್ರ ಜಂಗಮ ನಡೆಯಬಲ್ಲ. ಜನವರಿಯಲ್ಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳಿಂದ ಟ್ರ್ಯಾಕ್ಟರಿನಲ್ಲಿ, ಬಂಡಿಯಲ್ಲಿ ಜೋಳದ ರೊಟ್ಟಿ ತುಂಬಿಕೊಂಡು ಬರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದಾಸೋಹವಿಲ್ಲದೆ ಜಂಗಮವಿಲ್ಲ. ಕಾರವಾನ್ ಎಂಬ ಗಾಡಿ ಹುಟ್ಟಿರುವುದೇ ಯಾರ ಬಾಗಿಲಿಗೂ ಹೋಗದಿರುವ ಸಲುವಾಗಿ. ತನ್ನ ಒಲೆ, ತನ್ನ ನೀರು, ತನ್ನ ಕಕ್ಕಸು. ಅದು ಗಾಲಿ ಹಚ್ಚಿದ ಸ್ಥಾವರ.

ಇದಕ್ಕೆ ಒಬ್ಬರು ಉತ್ತರ ಕೊಟ್ಟರು: ಫರ್ನ್ ದುಡಿಮೆಯನ್ನು ಪ್ರೀತಿಸುತ್ತಾಳೆ, ಆದ್ದರಿಂದ ಇದು ಕಾಯಕ. ಕಾಯಕವನ್ನೂ ಹೀಗೆ ಅಗ್ಗ ಮಾಡಬೇಕೇ? ದಣಿದಾಗ ಕೂರುವ ಹಕ್ಕು ತನ್ನ ಕೈಯಲ್ಲಿದ್ದರೆ ಕಾಯಕ. ಗೋದಾಮಿನ ಗಡಿಯಾರ ನಿಲ್ಲು ಅಂದಾಗ ನಿಂತು, ನಡೆ ಅಂದಾಗ ನಡೆದರೆ ಕೂಲಿ. ಅರವತ್ತೈದರ ಮುದುಕಿ ಕೂಲಿಗೆ ಹೋಗುವುದನ್ನು ಕಾಯಕ ಎಂದು ಕರೆದು ನಾವು ನೆಮ್ಮದಿಯಾಗಿ ಸಿನಿಮಾ ನೋಡಬಹುದು. ಅವಳ ಮಂಡಿನೋವಂತೂ ಕಡಿಮೆಯಾಗುವುದಿಲ್ಲ.

ಇನ್ನೊಬ್ಬರು ಅಭಿಮಾನದಿಂದ, ನಮ್ಮ ಕುರಿಗಾರರೇ ಮೊದಲ ಕಾರವಾನಿಗರು ಎಂದರು. ಕುದುರೆಯ ಮೇಲೆ ಸಂಸಾರ ಹೇರಿ, ಕೋಳಿ ಮರಿಗಳನ್ನೂ ಕಟ್ಟಿಕೊಂಡು, ಹಿಂಡಿನ ಹಿಂದೆ ಹೋಗುವ ಗಂಡಹೆಂಡಿರನ್ನು ನಾನೂ ಕುಷ್ಟಗಿ ರಸ್ತೆಯಲ್ಲಿ ನೋಡುತ್ತ ಬೆಳೆದವನು. ಆದರೆ ಅವರು ಹೋಗುವುದು ಹುಲ್ಲು ಇರುವ ಕಡೆಗೆ. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಹೊಲದವನು ಗೊಬ್ಬರಕ್ಕೆ ಕಾಳೋ ಕಾಸೋ ಕೊಡುತ್ತಾನೆ. ಅದು ಲೆಕ್ಕವಿರುವ ಕಸುಬು. ಅವರನ್ನು ಅಮೆರಿಕದವರ ಮುತ್ತಜ್ಜರನ್ನಾಗಿ ಮಾಡಿ ನಮಗೇನು ಸಿಗಬೇಕಿದೆ?

ಚಿತ್ರದಲ್ಲಿ ಒಳ್ಳೆಯದು ಇಲ್ಲವೇ? ಇದೆ. ಫರ್ನ್ ಪಾತ್ರದ ಫ್ರಾನ್ಸಿಸ್ ಮೆಕ್‌ಡಾರ್ಮಂಡ್ ಅವರ ಮುಖದಲ್ಲಿ ಸುಳ್ಳಿಲ್ಲ. ಗೆಳತಿಯರಾಗಿ ಬರುವ ಲಿಂಡಾ ಮೇ, ಸ್ವಾಂಕಿ ತಮ್ಮ ಪಾತ್ರವನ್ನು ತಾವೇ ಮಾಡಿದ್ದಾರೆ. ಅವರು ಬಾಯಿ ತೆರೆದಾಗಲೆಲ್ಲ ಚಿತ್ರಕ್ಕೆ ನೆಲ ಸಿಗುತ್ತದೆ. ಅವರು ಸುಮ್ಮನಾದ ಕೂಡಲೇ ಪಿಯಾನೋ ಶುರುವಾಗುತ್ತದೆ.

ನಮ್ಮ ನಿವೃತ್ತ ಜೋಡಿಗಳು ತಿರುಗುವುದಿಲ್ಲವೇ ಎಂದರೆ, ತಿರುಗುತ್ತಾರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೇರಿಕಾದಲ್ಲಿ ಗೊರೂರು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1980ರಲ್ಲಿ. ಅಲ್ಲಿಂದೀಚೆಗೆ ಎಷ್ಟು ಅಪ್ಪ ಅಮ್ಮಂದಿರು ಅದೇ ದಾರಿ ಹಿಡಿದಿಲ್ಲ! ಸಂದರ್ಶಕರ ವೀಸಾದಲ್ಲಿ ಒಮ್ಮೆಗೆ ಸಾಮಾನ್ಯವಾಗಿ ಆರು ತಿಂಗಳು. ಆರು ತಿಂಗಳು ಮಗಳ ಬಾಣಂತನ, ಬಂದು ಬೆಂಗಳೂರಿನಲ್ಲಿ ಮಗನ ಮಕ್ಕಳನ್ನು ಶಾಲೆಗೆ ಬಿಡುವುದು, ನಡುವೆ ಊರಿಗೆ ಬಂದು ಮನೆಯ ಧೂಳು ಹೊಡೆಯುವುದು. ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕಡಕ್ ರೊಟ್ಟಿ. ಅಲ್ಲೂ ಅಜ್ಜ ಸಂಜೆ ವಾಕಿಂಗ್ ಹೋಗುತ್ತಾನೆ, ಅಜ್ಜಿ ಒಲೆ ಮುಂದೆ ನಿಲ್ಲುತ್ತಾಳೆ. ಕಾರವಾನ್ ಇಲ್ಲದೆಯೂ ನಡೆಯುತ್ತಿರುವ ಈ ಅಲೆದಾಟವನ್ನು ಯಾವ ವಿಮರ್ಶಕರೂ ಜಂಗಮ ಅಂದದ್ದು ನಾನು ಕೇಳಿಲ್ಲ. ಮನೆಯವರನ್ನು ಹಾಗೆ ಕರೆದರೆ ಮನೆಯವರೇ ನಗುತ್ತಾರೆ ಎಂಬ ಭಯ ಇರಬೇಕು.

‘ನೋಮ್ಯಾಡ್‌ಲ್ಯಾಂಡ್’ ಎತ್ತರದ ಚಿತ್ರವಲ್ಲ, ಚಂದದ ಚಿತ್ರ. ನೋಡುವವರು ಮೊದಲು ಬ್ರೂಡರ್ ಪುಸ್ತಕ ಓದಿ ನೋಡಲಿ. ಚರ್ಚೆಗೆ ಬರುವ ಮಿತ್ರರಲ್ಲಿ ನನ್ನದೊಂದೇ ಕೋರಿಕೆ: ಇನ್ನೊಮ್ಮೆ ಜಂಗಮ ಎನ್ನುವ ಮುಂಚೆ ಗುಳೆ ಎಂದು ಬಾಯಿಬಿಟ್ಟು ಒಂದು ಸಲ ಹೇಳಿ ನೋಡಿ. ಚಿತ್ರ ಅರ್ಥವಾಗಲು ಆ ಎರಡಕ್ಷರ ಸಾಕು.