ಹೊಸತರ ಹಾಗೆ

ಊರ ದೇವಸ್ಥಾನವೊಂದರ ಬ್ರಹ್ಮಕಲಶಕ್ಕೆ ಹದಿನೈದು ದಿನ ಉಳಿದಿತ್ತು. ಶ್ರಮದಾನಕ್ಕೆ ಹೋದ ನಮ್ಮ ಕೈಗೆ ಸಿಕ್ಕಿದ್ದು ತಂತಿ ಬ್ರಶ್ಶು ಮತ್ತು ಕಕ್ಕಸು ತೊಳೆಯುವ ಆಸಿಡ್ಡಿನ ಎರಡು ಕ್ಯಾನು. ದ್ವಾರಪಾಲಕನ ಮೊಣಕಾಲಿಗೆ ಪಾಚಿ ಕಟ್ಟಿತ್ತು. ಉಜ್ಜಿದೆವು. ಅರ್ಧ ಗಂಟೆಯಲ್ಲಿ ಪಾಚಿ ಹೋಯಿತು, ಜೊತೆಗೆ ಕಾಲ್ಗಡಗದ ಎರಡು ಮಣಿಗಳ ಅಂಚೂ ಹೋಯಿತು. “ಹೊಸತರ ಹಾಗೆ ಆಯ್ತು ನೋಡಿ ಮಾರಾಯ್ರೆ” ಅಂದರು ಹಿರಿಯರೊಬ್ಬರು. ಊರಿನ ಹೆಸರು ಬೇಡ.

ನನ್ನ ತಕರಾರು ಇರುವುದೇ ಈ ‘ಹೊಸತರ ಹಾಗೆ’ಯಲ್ಲಿ. ಇದು ನಮ್ಮೂರಿನ ರೋಗ ಮಾತ್ರವೂ ಅಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಪಾರ್ಥೆನಾನಿನ ಅಮೃತಶಿಲೆಯ ಶಿಲ್ಪಗಳನ್ನು 1937–38ರಲ್ಲಿ ತಾಮ್ರದ ಉಳಿ, ಕಾರ್ಬೊರಂಡಮ್ಮಿನಿಂದ ಕೆರೆದರು. ಗ್ರೀಕರ ಕಲ್ಲು ಬೆಳ್ಳಗಿರಬೇಕೆಂಬ ಹಟ. ಹಳೆಯ ಜೇನುಬಣ್ಣದ ಮೈ ಹೋದದ್ದು ಹೋಯಿತು. ಅವರಿಗೆ ಬಿಳುಪಿನ ಹುಚ್ಚು, ನಮಗೆ ಎಣ್ಣೆಗಪ್ಪು ಹೊಳಪಿನದು.

ಹಳಬರಿಗೆ ಈ ಹುಚ್ಚು ಕಡಿಮೆಯಿತ್ತೆಂದು ಕಾಣುತ್ತದೆ. ಬಂಟ್ವಾಳ ತಾಲೂಕಿನ ಪೊಳಲಿಯ ರಾಜರಾಜೇಶ್ವರಿಯದು ಮಣ್ಣಿನ ಮೂರ್ತಿ. ಆಟಿಯ ಮಳೆ ಕಂಡವರಿಗೆ ಗೊತ್ತು, ಈ ಸೀಮೆಯಲ್ಲಿ ಮಣ್ಣಿನ ಗೋಡೆ ನಿಲ್ಲಿಸುವುದೇ ಕಷ್ಟ. ಅಂಥಲ್ಲಿ ಅಷ್ಟು ದೊಡ್ಡ ಮೂರ್ತಿ ತಲೆಮಾರುಗಳನ್ನು ದಾಟಿ ಬಂದಿದ್ದರೆ ಅದಕ್ಕೆ ಗರ್ಭಗುಡಿಯ ಒಣ ನೆರಳೂ ಬ್ರಹ್ಮಕಲಶದ ಸಂದರ್ಭದಲ್ಲಿ ಬಳಿಯುವ ಲೇಪಾಷ್ಟಗಂಧವೂ ಕಾರಣ, ಭಕ್ತರು ಮುನಿಯಬಾರದು. 2019ರಲ್ಲೂ ಬ್ರಹ್ಮಕಲಶ ನಡೆಯಿತು. ಲೇಪ ತಾನು ಸವೆಯುತ್ತದೆ, ಒಳಗಿನ ಮೂರ್ತಿಯನ್ನು ಸವೆಯಲು ಬಿಡುವುದಿಲ್ಲ. ಇಂದಿನ ಸಂರಕ್ಷಣಾ ತಜ್ಞರು ಹಳೆಯ ಕಲ್ಲಿಗೆ ಸುಣ್ಣದ ತೆಳು ಗಾರೆ ಬಳಿಯುವುದೂ ಇದೇ ಲೆಕ್ಕದಲ್ಲಿ. ಪೊಳಲಿ, ಮೂಡುಬಿದಿರೆ, ವೇಣೂರು, ಈ ಮೂರು ಊರುಗಳ ಪೈಕಿ ನಾನು ಪೂರ್ತಿ ಅಂಕ ಕೊಡುವುದು ಪೊಳಲಿಗೆ.

ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ (1430) ಕಾಯುವ ಕೆಲಸ ಮಾಡಿನದು. ಮುಂದಕ್ಕೆ ಚಾಚಿದ ಇಳಿಜಾರು ಮಾಡು ನೀರನ್ನು ಕಂಬಗಳಿಂದ ದೂರ ಎಸೆಯುತ್ತದೆ. ಆದರೆ ಕೈಗಳನ್ನು ತಡೆಯುವ ಮಾಡಿಲ್ಲ. ಜಗತಿಯ ಮೇಲಿನ ಜಿರಾಫೆಯನ್ನು ಒಬ್ಬರು ಬೆರಳಿಟ್ಟು ತೋರಿಸಿದರೆ, ಹಿಂದೆ ಬಂದ ನಲವತ್ತು ಶಾಲಾಮಕ್ಕಳೂ ಬೆರಳಿಡುತ್ತಾರೆ. ಬೆವರು, ಜಿಡ್ಡು, ಅದಕ್ಕಂಟಿದ ಧೂಳು ಎಲ್ಲ ಗೆರೆಗಳಲ್ಲಿ ಕೂರುತ್ತವೆ. ಒಂದು ಹಗ್ಗ ಕಟ್ಟಿದರೆ ಸಾಕು, ಲಕ್ಷಗಟ್ಟಲೆ ಬೇಡ.

ಬೆಳ್ತಂಗಡಿಯ ವೇಣೂರಿನ ಬಾಹುಬಲಿಗೆ ಮಾಡೂ ಇಲ್ಲ. ಅಜಿಲ ಅರಸರು 1604ರಲ್ಲಿ ಫಲ್ಗುಣಿ ದಂಡೆಯಲ್ಲಿ ನಿಲ್ಲಿಸಿದ 35 ಅಡಿಯ ಕಲ್ಲು ಅಂದಿನಿಂದಲೂ ಬಯಲಲ್ಲೇ ನಿಂತಿದೆ. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ: ಎಳನೀರು, ಕಬ್ಬಿನಹಾಲು, ಹಾಲು, ಅರಸಿನ, ಕಷಾಯ, ಚಂದನ. ಅಮೃತಶಿಲೆ ಸುಣ್ಣದ ಜಾತಿ, ಲಿಂಬೆಹುಳಿ ಬಿದ್ದರೂ ಬುರುಗು ಬರುತ್ತದೆ. ಕರಿಕಲ್ಲು ಅಷ್ಟು ಮೆದುವಲ್ಲ, ಹುಳಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಹಾಗಾಗಿ ಅಭಿಷೇಕವನ್ನು ದೂರುವವರ ಪೈಕಿ ನಾನಲ್ಲ. ಭಯ ಇರುವುದು ಸೂಕ್ಷ್ಮ ಬಿರುಕುಗಳಲ್ಲಿ ಉಳಿಯುವ ಸಿಹಿಯ, ಜಿಡ್ಡಿನ ಶೇಷದ ಬಗ್ಗೆ. ಪಾಚಿಗೆ ಅದೇ ಗೊಬ್ಬರ. ಪಾಚಿಗಿಂತ ಕೆಟ್ಟದ್ದು ಕಲ್ಲುಹೂವು. ಅದರ ಎಳೆಗಳು ಕಲ್ಲಿನ ಹರಳುಗಳ ನಡುವೆ ಇಳಿದಿರುತ್ತವೆ. ಒಣಗಿದ್ದಾಗ ಕೆರೆದರೆ ಕಲ್ಲಿನ ಪುಡಿಯೂ ಕಿತ್ತು ಬರುತ್ತದೆ. ನೆನೆಸಿ, ಮೆತ್ತಗಾಗಲು ಬಿಟ್ಟು, ಮೆದು ಬ್ರಶ್ಶಿನಿಂದ ಎತ್ತಬೇಕು. ಪುರಾತತ್ವ ಇಲಾಖೆಯ ರಸಾಯನ ಶಾಖೆಯವರು ನೀರು ಬೆರೆಸಿದ ಅಮೋನಿಯಾ ಬಳಸುವುದುಂಟು. ಅವಸರಕ್ಕೆ ಒಗ್ಗುವ ಕೆಲಸ ಇದಲ್ಲ.

ಅಭಿಷೇಕಕ್ಕೆಂದು ಕಟ್ಟುವ ಅಟ್ಟಳಿಗೆ ನನ್ನ ಕಣ್ಣಿಗೆ ಬೇರೆಯೇ ರೀತಿ ಕಾಣುತ್ತದೆ. ಬಾಹುಬಲಿಯ ಕಿವಿಯ ಹಿಂಬದಿಗೆ, ಗುಂಗುರು ಕೂದಲ ಸುರುಳಿಗೆ ಮನುಷ್ಯನ ಕಣ್ಣು ಅಷ್ಟು ಹತ್ತಿರವಾಗುವುದು ಆಗ. ಕಲಶಗಳು ಮೇಲೇರುವ ಮುನ್ನ ಎರಡು ದಿನ ಕೊಡಿ: ಅಂಗುಲ ಅಂಗುಲದ ಫೋಟೊ, ಬಿರುಕಿನ ಅಗಲದ ಅಳತೆ, ಬೆರಳ ಗೆಣ್ಣಿನಿಂದ ತಟ್ಟಿ ಎಲ್ಲಿ ಟೊಳ್ಳು ಸದ್ದು ಬರುತ್ತದೆಂಬ ಗುರುತು. ಹನ್ನೆರಡು ವರ್ಷದ ಬಳಿಕ ಅದೇ ಜಾಗದ ಅದೇ ಫೋಟೊ ಪಕ್ಕದಲ್ಲಿಟ್ಟರೆ ಕಲ್ಲು ಎಷ್ಟು ಸವೆದಿದೆ ಎಂಬುದಕ್ಕೆ ಪಂಡಿತರು ಬೇಕಾಗಿಲ್ಲ. ಕಳೆದ ಅಭಿಷೇಕ 2024ರ ಫೆಬ್ರವರಿಯಲ್ಲಿ ಶುರುವಾಗಿತ್ತು. ಅಟ್ಟಳಿಗೆ ಬಿಚ್ಚಿದ ಮೇಲೆ ಜೂನ್ ಬಂತು; ಮೊದಲ ಮಳೆನೀರು ಹೆಗಲಿಂದ ತೋಳಗುಂಟ ಇಳಿಯಿತು.