ಬಟ್ಟಲ ತಳದ ಅನ್ನ

ಮಾರಿಕುಪ್ಪಂ ರೈಲಿನಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುವವರ ಮನೆಯಲ್ಲಿ ರಾತ್ರಿ ಅಡುಗೆ ಶುರುವಾಗುವುದೇ ಎಂಟರ ಮೇಲೆ. ಬಂಗಾರಪೇಟೆಯಲ್ಲಿ ಇಳಿದು ಬೇತಮಂಗಲದ ಬಸ್ಸು ಹಿಡಿಯುವವರಿಗೆ ಇನ್ನಷ್ಟು ತಡ. ಇಂಥ ಮನೆಗಳಿಗೆ ಈಚೆಗೆ ರೈಸ್ ಬೌಲ್ ಬಂದಿದೆ. ಮಸಾಲೆ ಸವರಿ ಓವನ್ನಿನಲ್ಲೋ ಏರ್ ಫ್ರೈಯರ್‌ನಲ್ಲೋ ಬೇಯಿಸಿದ ಕೋಳಿ, ಕೆಳಗೆ ಅನ್ನ, ಪಕ್ಕಕ್ಕೆ ಸೌತೆಕಾಯಿ, ಈರುಳ್ಳಿ, ಮೇಲೆ ಎರಡು ಚಮಚ ಮೊಸರು. ಬೆಂಗಳೂರಿನ ಆಫೀಸುಗಳಿಗೆ ಮಧ್ಯಾಹ್ನ ತರಿಸಿಕೊಳ್ಳುವ ಡಬ್ಬಿಯ ಊಟವೇ ಈಗ ರಾತ್ರಿ ಮನೆಯಲ್ಲೂ ತಯಾರಾಗುತ್ತಿದೆ. ಒಬ್ಬರಿಗೆ ಒಂದು ಬಟ್ಟಲು. ಸಾರು, ಪಲ್ಯ, ಮುದ್ದೆ ಅಂತ ನಾಲ್ಕು ಒಲೆ ಕೆಲಸವಿಲ್ಲ. ದಣಿದು ಬಂದವರು ಇದನ್ನು ಮೆಚ್ಚಿಕೊಂಡರೆ ಆಶ್ಚರ್ಯವಿಲ್ಲ.

ನನ್ನ ತಕರಾರು ಬಟ್ಟಲಿನ ಮೇಲಲ್ಲ, ಅದರ ತಳದಲ್ಲಿರುವ ಅನ್ನದ ಬಗ್ಗೆ. ಈ ಊಟ ಚೆನ್ನಾಗಿದೆಯೋ ಇಲ್ಲವೋ ಎಂಬುದು ಮೇಲಿನ ತುಂಡು ಕಚ್ಚಿದಾಗ ಗೊತ್ತಾಗುವುದಿಲ್ಲ. ಕೋಳಿಯೆಲ್ಲ ಖಾಲಿಯಾದ ಮೇಲೆ ಉಳಿಯುವ ಕೊನೆಯ ನಾಲ್ಕು ತುತ್ತು ಅನ್ನದಲ್ಲಿ ಗೊತ್ತಾಗುತ್ತದೆ. ಕೋಳಿಯ ರಸ ಅಲ್ಲಿಯವರೆಗೆ ಇಳಿದಿದೆಯೇ? ಇಳಿಯದಿದ್ದರೆ ನೀವು ಉಂಡದ್ದು ಕೋಳಿ ಮತ್ತು ಅನ್ನ, ಎರಡು ಬೇರೆ ಬೇರೆ ಊಟ.

ಓವನ್ನಿನ ಕೋಳಿ ಸೋಲುವುದೇ ಇಲ್ಲಿ. ಇನ್ನೂರು ಡಿಗ್ರಿಯ ಒಣ ಬಿಸಿಯಲ್ಲಿ ಚರ್ಮ ತೆಗೆದ ಬ್ರಾಯ್ಲರ್ ತುಂಡನ್ನು ಇಟ್ಟರೆ ಅದು ಮೊದಲು ನೀರು ಬಿಡುತ್ತದೆ. ಆ ನೀರು ಟ್ರೇಗೆ ಹರಿದು, ಮಸಾಲೆಯನ್ನೂ ಉಪ್ಪನ್ನೂ ಜೊತೆಗೊಯ್ದು, ಅಂಚಿನಲ್ಲಿ ಕಂದಾಗಿ ಅಂಟಿಕೊಳ್ಳುತ್ತದೆ. ಟ್ರೇ ತೊಳೆಯುವ ಕೆಲಸ ತಪ್ಪಲೆಂದು ಅಲ್ಯೂಮಿನಿಯಂ ಹಾಳೆ ಹಾಸಿರುತ್ತಾರಲ್ಲ, ಊಟಕ್ಕೆ ಕೂರುವ ಮೊದಲು ಆ ಹಾಳೆಯನ್ನು ಮುದುರಿ ಕಸದ ಬುಟ್ಟಿಗೆ ಎಸೆಯುತ್ತಾರೆ. ಇಡೀ ಅಡುಗೆಯಲ್ಲಿ ರುಚಿಯಾದ ಒಂದೆರಡು ಚಮಚ ಯಾವುದಿತ್ತೋ ಅದೇ ಬುಟ್ಟಿಗೆ ಹೋಯಿತು. ಆಮೇಲೆ ಬಟ್ಟಲು ಒಣಗಿತು ಅಂತ ಮೊಸರು, ಮೇಯನೇಸ್, ಬಾಟಲಿಯ ಸಾಸ್ ಸುರಿಯುವುದು. ಅನ್ನಕ್ಕೆ ಆಗ ಸಾಸಿನ ರುಚಿ ಬರುತ್ತದೆ, ಕೋಳಿಯದಲ್ಲ.

ಪೇಟೆಯಲ್ಲಿ ಇದಕ್ಕಿಂತ ಹಳೆಯದೊಂದು ಉಪಾಯವಿದೆ: ಕುಷ್ಕ, ಅಂದರೆ ತುಂಡಿಲ್ಲದ ಬಿರಿಯಾನಿ ಅನ್ನ, ಕಟ್ಟಿಸಿಕೊಂಡು, ಪಕ್ಕದಲ್ಲೇ ಕಬಾಬ್ ತೂಕ ಹಾಕಿಸಿಕೊಂಡು ಬರುವುದು. ಹತ್ತೇ ನಿಮಿಷದ ಕೆಲಸ. ಬಂಗಾರಪೇಟೆಯಿಂದ ಹೊರಟ ರೈಲು ಹಳಿ ಕುಪ್ಪಂ, ಜೋಲಾರಪೇಟೆ ದಾಟಿ ವಾಣಿಯಂಬಾಡಿ, ಆಂಬೂರಿನತ್ತ ಇಳಿಯುತ್ತದೆ. ಬೇತಮಂಗಲದ ಕೆರೆ ತುಂಬಿಸುವ ಪಾಲಾರ್ ನದಿಯ ದಾರಿಯೂ ಅದೇ ಊರುಗಳ ಕಡೆಗೆ. ಹಾಗಾಗಿ ಆ ಊರುಗಳ ಬಿರಿಯಾನಿಗೆ ಹಾಕುವ ಜೀರಗ ಸಾಂಬಾ ಅಕ್ಕಿಯ ಪರಿಮಳ ಈ ಸೀಮೆಗೆ ಹೊಸದಲ್ಲ. ಕುಷ್ಕದ ಅನ್ನ ಮಾಂಸದ ರಸದಲ್ಲೇ ಬೆಂದಿರುವುದರಿಂದ ತಳದ ತುತ್ತಿನ ಪರೀಕ್ಷೆಯಲ್ಲಿ ಅದು ಸಲೀಸಾಗಿ ಪಾಸಾಗುತ್ತದೆ. ಆದರೆ ಕಬಾಬ್? ಮೆಕ್ಕೆಜೋಳದ ಹಿಟ್ಟು, ಕಾದ ಎಣ್ಣೆ. ಪೊಟ್ಟಣದಲ್ಲಿ ಮನೆ ತಲುಪುವಷ್ಟರಲ್ಲಿ ಗರಿಗರಿ ಹೋಗಿ ಮೆತ್ತಗಾಗಿರುತ್ತದೆ. ಅನ್ನಕ್ಕೆ ಪೂರ್ತಿ ಅಂಕ, ಕೋಳಿಗೆ ಅರ್ಧ. ವಾರಕ್ಕೊಮ್ಮೆಯಾದರೆ ಸರಿ.

ಈ ಎರಡನ್ನೂ ಮೀರಿಸುವ ಅಡುಗೆ ಹೊರಗಿನಿಂದ ಬರಬೇಕಿರಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಆಂಗ್ಲೋ-ಇಂಡಿಯನ್ ಮನೆಗಳಲ್ಲಿ ಅದು ಇದ್ದೇ ಇತ್ತು: ಪಾತ್ರೆಯಲ್ಲೇ ಮಾಡುವ ರೋಸ್ಟ್. ಜಾನ್ ಟೇಲರ್ ಕಂಪನಿ ಗಣಿ ನಡೆಸುತ್ತಿದ್ದ ಕಾಲದ ಸಂಸಾರಗಳ ಅಡುಗೆ ಇದು. ಇಲ್ಲಿ ಒಂದು ತಮಾಷೆಯ ಸಂಗತಿಯಿದೆ. ಶಿವನಸಮುದ್ರದ ಕರೆಂಟು 1902ರಲ್ಲೇ ಕೆಜಿಎಫ್‌ಗೆ ಬಂತು, ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಅಷ್ಟು ಬೇಗ ಕರೆಂಟು ಕಂಡ ಊರಿನ ರೋಸ್ಟ್ ಮಾತ್ರ ಕರೆಂಟನ್ನು ನೆಚ್ಚಿಕೊಳ್ಳಲೇ ಇಲ್ಲ. ದಪ್ಪ ತಳದ ಪಾತ್ರೆ, ಮುಚ್ಚಳ, ಕೆಳಗೊಂದು ಒಲೆ, ಅಷ್ಟು ಸಾಕಾಗಿತ್ತು. ಕೆಜಿಎಫ್‌ನಲ್ಲಿ ಹುಟ್ಟಿ ಬೆಳೆದ ಬ್ರಿಜೆಟ್ ವೈಟ್-ಕುಮಾರ್ ಈ ಅಡುಗೆಗಳನ್ನು ಹಲವು ಪುಸ್ತಕಗಳಲ್ಲಿ ಬರೆದಿಟ್ಟಿದ್ದಾರೆ. 2001ರಲ್ಲಿ ಗಣಿ ಮುಚ್ಚಿತು, ಆ ಮನೆಗಳಲ್ಲಿ ಎಷ್ಟೋ ಅದಕ್ಕೂ ಮೊದಲೇ ಆಸ್ಟ್ರೇಲಿಯಾ, ಇಂಗ್ಲೆಂಡ್ ಕಡೆ ಹೊರಟುಹೋಗಿದ್ದವು. ಅಡುಗೆಯಾದರೂ ಕಾಗದದ ಮೇಲೆ ಉಳಿದದ್ದು ದೊಡ್ಡ ಮಾತು.

ಮಾಡುವ ಕ್ರಮ ಹೀಗೆ. ನಾಲ್ಕು ಜನಕ್ಕೆ ಮೂಳೆ ಸಮೇತ ಒಂದು ಕೆಜಿ ಕೋಳಿ, ಸಾಧ್ಯವಾದರೆ ಚರ್ಮವೂ ಇರಲಿ. ಉಪ್ಪು, ಶುಂಠಿ-ಬೆಳ್ಳುಳ್ಳಿ, ಒಂದು ಚಮಚ ವಿನೆಗರ್, ಒಂದೂವರೆ ಚಮಚ ಕಾಳುಮೆಣಸು ಅರೆಬರೆ ಕುಟ್ಟಿದ್ದು, ನಾಲ್ಕೈದು ಒಣಮೆಣಸಿನಕಾಯಿ ಮುರಿಯದೆ, ಚಕ್ಕೆ, ಲವಂಗ. ಒಂದು ಲೋಟ ನೀರು ಹಾಕಿ ಮುಚ್ಚಿಟ್ಟರೆ ಬ್ರಾಯ್ಲರ್ ಇಪ್ಪತ್ತೈದು ನಿಮಿಷದೊಳಗೆ ಬೇಯುತ್ತದೆ. ಅಷ್ಟರಲ್ಲಿ ಪಕ್ಕದ ಒಲೆಯಲ್ಲಿ ಎರಡು ಪಾವು ಅಕ್ಕಿ ಬೇಯಿಸಿ ಬಸಿದು, ಗಂಜಿ ತೆಗೆದಿಟ್ಟುಕೊಳ್ಳಬೇಕು. ಇದರ ಉಪಯೋಗ ಮುಂದಿದೆ.

ಮುಚ್ಚಳ ತೆಗೆದ ಮೇಲಿನ ಹತ್ತು ನಿಮಿಷ ಮಾತ್ರ ಒಲೆ ಬಿಟ್ಟು ಕದಲುವಂತಿಲ್ಲ. ಉರಿ ಹೆಚ್ಚಿಸಿ, ಎರಡು ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬಿಟ್ಟು, ನೀರು ಇಂಗಲು ಬಿಡಬೇಕು. ನೀರಿರುವವರೆಗೆ ಪಾತ್ರೆಯ ಬಿಸಿ ನೂರು ಡಿಗ್ರಿ ದಾಟುವುದಿಲ್ಲ, ನೂರಿಪ್ಪತ್ತು, ನೂರನಲವತ್ತರ ಆಸುಪಾಸು ಮುಟ್ಟದೆ ಕೋಳಿ ಕೆಂಪಗಾಗುವುದಿಲ್ಲ. ಆ ಬದಲಾವಣೆ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕೊತಕೊತ ಶಬ್ದ ಸಣ್ಣಗಾಗಿ, ಚಿಟಚಿಟ ಶುರುವಾಗುತ್ತದೆ. ಆಗ ತುಂಡುಗಳನ್ನು ಮಗುಚುತ್ತಾ ಹೋದರೆ ತಳದಲ್ಲಿ ಕಂದು ಪದರ ಕಟ್ಟುತ್ತದೆ. ಓವನ್ನಿನವರು ಹಾಳೆಯ ಜೊತೆ ಎಸೆದದ್ದು ಇದನ್ನೇ. ಕೋಳಿಯನ್ನು ತೆಗೆದು ಪಕ್ಕಕ್ಕಿಟ್ಟು, ಒಂದು ಸೌಟು ಬಿಸಿ ಗಂಜಿ ಹುಯ್ದು ಸೌಟಿನಿಂದಲೇ ಉಜ್ಜಿ. ತಳದ ಪದರವೆಲ್ಲ ಬಿಟ್ಟುಕೊಂಡು ಮೆಣಸು, ತುಪ್ಪ, ಕೋಳಿಯ ಸಾರ ಮೂರೂ ಒಂದಾದ ಗಟ್ಟಿ ರಸ ಬರುತ್ತದೆ. ಗಂಜಿಯ ಅಂಟು ಎಣ್ಣೆ ಬೇರೆಯಾಗದಂತೆ ಹಿಡಿದುಕೊಳ್ಳುತ್ತದೆ. ಗಂಜಿಯ ಉಪಾಯ ಆಂಗ್ಲೋ-ಇಂಡಿಯನ್ ಪುಸ್ತಕಗಳದ್ದಲ್ಲ, ಬಸಿದ ಅನ್ನದ ಮನೆಯವರದ್ದು, ನಾನು ಸೇರಿಸಿಕೊಂಡದ್ದು. ಬಟ್ಟಲಿಗೆ ಮೊದಲು ಅನ್ನ, ಅದರ ಮೇಲೆ ಈ ರಸ, ಆಮೇಲೆ ಕೋಳಿ. ಅನುಕ್ರಮ ತಪ್ಪಿಸಬೇಡಿ: ಕೋಳಿಯ ಮೇಲೆ ರಸ ಹುಯ್ದರೆ ಕಷ್ಟಪಟ್ಟು ಕೆಂಪಗೆ ಹುರಿದದ್ದು ಮೆತ್ತಗಾಗುತ್ತದೆ, ಅನ್ನಕ್ಕೂ ಅರ್ಧವೇ ಸಿಗುತ್ತದೆ.

ಅನ್ನದ ವಿಷಯದಲ್ಲಿ ಕೆಜಿಎಫ್‌ನ ಸಂಪ್ರದಾಯದ ಜೊತೆ ನನಗೆ ಒಂದು ಭಿನ್ನಾಭಿಪ್ರಾಯವಿದೆ. ತೆಂಗಿನಹಾಲು, ಅರಿಸಿನ, ತುಪ್ಪ ಹಾಕಿದ ಹಳದಿ ಅನ್ನ ಆಂಗ್ಲೋ-ಇಂಡಿಯನ್ ಊಟದ ಹೆಮ್ಮೆ. ಖೈಮಾ ಉಂಡೆಯ ಬಾಲ್ ಕರಿ ಜೊತೆ ಅದಕ್ಕೆ ಸರಿಸಾಟಿ ಇಲ್ಲ. ಆದರೆ ರೋಸ್ಟ್ ರಸದ ಕೆಳಗೆ ಅದು ಹೊಂದುವುದಿಲ್ಲ. ತೆಂಗಿನಹಾಲಿನ ಸಿಹಿ, ಕೊಬ್ಬು ಎರಡೂ ಸೇರಿ ಮೆಣಸಿನ ಚುರುಕನ್ನು ಮಂಕು ಮಾಡುತ್ತವೆ. ಮೇಲಾಗಿ ತೆಂಗಿನಕಾಯಿ ತುರಿದು ಹಾಲು ಹಿಂಡುವುದು ಭಾನುವಾರದ ಕೆಲಸ. ವಾರದ ದಿನಕ್ಕೆ ಸಾದಾ ಸೋನಾ ಮಸೂರಿ ಸಾಕು, ಉದುರುದುರಾಗಿರಲಿ, ತಣ್ಣಗಿರಬಾರದು. ಹಳದಿ ಅನ್ನದ ಜೋಡಿಯಾದ ಡೆವಿಲ್ ಚಟ್ನಿಯನ್ನು ಮಾತ್ರ ಬಿಡಬಾರದು. ಹಸಿ ಈರುಳ್ಳಿ, ಕೆಂಪು ಮೆಣಸಿನಪುಡಿ, ಚಿಟಿಕೆ ಸಕ್ಕರೆ, ವಿನೆಗರ್. ಮಿಕ್ಸಿಯಲ್ಲಿ ಒಂದು ಸುತ್ತು. ಮೊಸರು ಮಾಡಬೇಕಾದ ಕೆಲಸವನ್ನು ಇದು ಇನ್ನೂ ಚೆನ್ನಾಗಿ ಮಾಡುತ್ತದೆ, ಬಾಯಿಯ ಜಿಡ್ಡು ಕಳೆಯುತ್ತದೆ.

ಎಲ್ಲಾ ಕೋಳಿಗೂ ಇದು ಆಗಿಬರುವುದಿಲ್ಲ. ನಾಟಿ ಕೋಳಿ ತಂದರೆ ಬೇಯಲು ಗಂಟೆಗೂ ಮೇಲೆ ಬೇಕು, ಎಂಟೂವರೆಗೆ ಒಲೆ ಹಚ್ಚಿದವರಿಗೆ ಅದು ಶಿಕ್ಷೆ. ಕೋಲಾರ ಸೀಮೆಯವರು ನಾಟಿ ಕೋಳಿಗೆ ಸಾರು ಮಾಡಿ ಪಕ್ಕದಲ್ಲಿ ರಾಗಿ ಮುದ್ದೆ ಇಡುವುದು ಲೆಕ್ಕಾಚಾರದಲ್ಲೂ ಸರಿಯೇ. ಆ ಗಟ್ಟಿ ಮಾಂಸ ತನ್ನ ಸಾರವನ್ನು ನಿಧಾನಕ್ಕೆ ನೀರಿಗೆ ಕೊಡುತ್ತದೆ, ಮುದ್ದೆಗೆ ಬೇಕಿರುವುದೂ ನೀರಾದ ಸಾರೇ. ರೋಸ್ಟಿನ ಎರಡು ಚಮಚ ರಸದಲ್ಲಿ ಮುದ್ದೆ ನುಂಗಲು ಆಗುವುದಿಲ್ಲ. ಬ್ರಾಯ್ಲರ್‌ಗೆ ಬಟ್ಟಲು, ನಾಟಿಗೆ ಮುದ್ದೆ ಎಂದು ಹಂಚಿಕೊಂಡರೆ ಜಗಳವಿಲ್ಲ.

ಪಾತ್ರೆ ರೋಸ್ಟಿನ ದೊಡ್ಡ ದೋಷ ಮೂಳೆ. ಆಫೀಸಿನ ಬೌಲ್‌ನಲ್ಲಿ ಕೋಳಿ ಸಣ್ಣ ಸಣ್ಣ ಚೂರಾಗಿರುತ್ತದೆ, ಚಮಚದಲ್ಲೇ ಉಣ್ಣಬಹುದು, ಒಂದು ಕೈಯಲ್ಲಿ ಮೊಬೈಲು ಹಿಡಿದುಕೊಳ್ಳಬಹುದು. ಮೂಳೆ ತೆಗೆದು ಹುರಿದು ನೋಡಿದರೆ ರಸ ಬರೀ ಖಾರ, ಮೈಯಿಲ್ಲ. ಆದ್ದರಿಂದ ಮೂಳೆ ಇರಲೇಬೇಕು, ಕೈಯಲ್ಲೇ ಉಣ್ಣಬೇಕು, ಬಟ್ಟಲು ಅಗಲವಾಗಿರಬೇಕು, ಮೂಳೆ ಹಾಕಲು ಪಕ್ಕಕ್ಕೊಂದು ತಟ್ಟೆಯೂ ಬೇಕು. ಪಾತ್ರೆ ಕಡಿಮೆ ತೊಳೆಯುವ ಆಸೆಗೆ ಈ ಊಟ ಆರಿಸಿಕೊಂಡವರು ಇಷ್ಟು ಮಾತ್ರ ಬಿಟ್ಟುಕೊಡಬೇಕಾಗುತ್ತದೆ.