ಬರ್ಲಿನ್ನಿನ ಹೊಸ್ತಿಲು

ಬರ್ಲಿನ್ ಬಾಡಿಗೆದಾರರ ನಗರ. ಅಲ್ಲಿನ ಸಂಸಾರಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಬಾಡಿಗೆಯ ಮನೆಗಳಲ್ಲಿಯೇ ಬಾಳುತ್ತವೆ. ಹಾಗೆ ಬಾಳುವುದನ್ನು ಅಲ್ಲಿ ಯಾರೂ ಕೊರತೆಯೆಂದು ಬಗೆಯುವುದಿಲ್ಲ. ಆದುದರಿಂದ ಪರದೇಶದಿಂದ ಬಂದವನಿಗೆ ಆ ನಗರವು ಮನೆಯನ್ನು ಯಾವ ಬಗೆಯಿಂದ ಕೊಡುತ್ತದೆ ಎಂಬುದು ಸೂಕ್ಷ್ಮವಾಗಿ ಪರೀಕ್ಷಿಸಬೇಕಾದ ವಿಷಯ. ಬೆಂಗಳೂರಿನ ತರುಣ ಇಂಜಿನಿಯರುಗಳೂ ವಿದ್ಯಾರ್ಥಿಗಳೂ ಅಲ್ಲಿಗೆ ತೆರಳುತ್ತಿರುವ ಈ ಕಾಲದಲ್ಲಿ ಅದು ನಮಗೆ ದೂರದ ಮಾತೂ ಅಲ್ಲ.

ಮೊದಲು ಸ್ತುತ್ಯವಾದುದನ್ನು ಹೇಳಬೇಕು. ವಸತಿಯ ನ್ಯಾಯವು ಈ ನಗರಕ್ಕೆ ಸುಲಭವಾಗಿ ದೊರೆತುದಲ್ಲ. ಇಂಜಿನಿಯರ್ ಹೋಬ್ರೆಖ್ಟನು 1862ರಲ್ಲಿ ರೂಪಿಸಿದ ಬೀದಿಗಳ ಯೋಜನೆಯ ಮೇಲೆ ಎದ್ದ ಬಾಡಿಗೆಯ ಕಟ್ಟಡಗಳಲ್ಲಿ, ಬೆಂಕಿ ನಂದಿಸುವ ಬಂಡಿಯು ತಿರುಗುವಷ್ಟು, ಎಂದರೆ 5.34 ಮೀಟರು ಚೌಕದ ಅಂಗಳವಿದ್ದರೆ ಸಾಕೆಂದು ಅಂದಿನ ನಿಯಮವು ಎಣಿಸಿದ್ದಿತು. ಎಷ್ಟೋ ಕಾರ್ಮಿಕ ಸಂಸಾರಗಳು ಆ ಅಂಗಳಗಳ ಕತ್ತಲೆಯಲ್ಲಿಯೇ ಆಯುಷ್ಯವನ್ನು ಸವೆಸಿದವು. ಆ ಕತ್ತಲೆಗೆ ಉತ್ತರವೆಂಬಂತೆ 1925ರಲ್ಲಿ ವಾಸ್ತುಶಿಲ್ಪಿ ಬ್ರೂನೋ ಟೌಟನು, ನಡುವಣ ಹಸುರನ್ನು ಕುದುರೆಲಾಳದಂತೆ ಬಳಸಿ ನಿಂತ ಬಡಾವಣೆಯನ್ನು ಕಟ್ಟತೊಡಗಿದನು. ಇಂದಿನ ಕಾನೂನಿನಲ್ಲಿಯೂ ಅದೇ ಕಾರುಣ್ಯವಿದೆ: ಕರಾರಿಗೆ ಸಾಮಾನ್ಯವಾಗಿ ಅವಧಿಯ ಮಿತಿಯಿಲ್ಲ, ನ್ಯಾಯಸಮ್ಮತವಾದ ಕಾರಣವಿಲ್ಲದೆ ಮಾಲೀಕನು ಮನೆ ಬಿಡಿಸಲಾರನು, ಠೇವಣಿಯು ಮೂರು ತಿಂಗಳ ಮೂಲಬಾಡಿಗೆಯನ್ನು ಮೀರಲಾಗದು, ಅದನ್ನೂ ಮೂರು ಕಂತುಗಳಲ್ಲಿ ಸಲ್ಲಿಸಬಹುದು. ಹತ್ತು ತಿಂಗಳ ಅಡ್ವಾನ್ಸನ್ನು ವಾಡಿಕೆಯೆಂದು ಸಹಿಸಿಕೊಂಡ ಬೆಂಗಳೂರಿಗನಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಕಾನೂನಿನ ನೆರಳು ಒಳಗಿರುವವನಿಗೆ ದಕ್ಕುವುದೇ ಹೊರತು ಹೊಸ್ತಿಲಲ್ಲಿ ನಿಂತವನಿಗಲ್ಲ. ಒಮ್ಮೆ ಸೇರಿದವನನ್ನು ಬಿಡಿಸುವುದು ಕಷ್ಟವಾದುದರಿಂದ, ಸೇರಿಸಿಕೊಳ್ಳುವ ಮೊದಲು ಮಾಲೀಕನು ಬಹಳವಾಗಿ ಶೋಧಿಸುತ್ತಾನೆ. ಆ ಎಚ್ಚರಿಕೆಯು ಸಹಜವೇ. ಅವನು ಕೇಳುವುದು ಮೂರು ತಿಂಗಳ ಸಂಬಳದ ಚೀಟಿ, ಬಾಕಿಯಿಲ್ಲವೆಂದು ಹಿಂದಿನ ಮಾಲೀಕನು ಬರೆದ ಪತ್ರ, ಜನರ ಸಾಲ ತೀರುವಳಿಗಳ ಲೆಕ್ಕವಿಡುವ, 1927ರಲ್ಲಿ ಬರ್ಲಿನ್ನಿನಲ್ಲಿಯೇ ಹುಟ್ಟಿದ ಶೂಫಾ ಸಂಸ್ಥೆಯ ವರದಿ. ಇವೆಲ್ಲವೂ ಕಳೆದ ಕಾಲದ ಸಾಕ್ಷ್ಯಗಳು. ಆ ದೇಶದಲ್ಲಿ ಭೂತಕಾಲವೇ ಇಲ್ಲದವನು ಇವನ್ನು ಎಲ್ಲಿಂದ ತಂದಾನು? ಇತ್ತ, ಮನೆ ಹೊಕ್ಕ ಎರಡು ವಾರಗಳೊಳಗೆ ವಿಳಾಸವನ್ನು ನೋಂದಾಯಿಸಬೇಕೆಂಬುದು ಶಾಸನ. ನೋಂದಣಿಗೆ ಮನೆ ಕೊಟ್ಟವನ ದೃಢೀಕರಣ ಬೇಕು. ತೆರಿಗೆಯ ಸಂಖ್ಯೆಯು ನೋಂದಣಿಯಾದ ಮೇಲೆ ಅಂಚೆಯಲ್ಲಿ ಬರುವುದು. ಹೀಗೆ ಮನೆಗೆ ದಾಖಲೆಯೂ ದಾಖಲೆಗೆ ಮನೆಯೂ ಕಾರಣವಾಗಿ, ತಾರ್ಕಿಕರು ಅನ್ಯೋನ್ಯಾಶ್ರಯವೆಂದು ಕರೆದ ದೋಷವು ಇಲ್ಲಿ ಬದುಕಿನ ಸಂಕಟವಾಗಿ ಪರಿಣಮಿಸುತ್ತದೆ.

ಬಾಡಿಗೆಯ ಏರಿಕೆಯನ್ನು ತಡೆಯುವ ನಿಯಮವೂ ಹೊಸಬನಿಗೆ ಪೂರ್ಣವಾಗಿ ಒದಗದು. 2015ರ ಜೂನ್ 1ರಿಂದ ಬರ್ಲಿನ್ನಿನಲ್ಲಿ ಹೊಸ ಕರಾರಿನ ಬಾಡಿಗೆಯು ಆ ಪ್ರದೇಶದ ರೂಢಿಯ ಬಾಡಿಗೆಯನ್ನು ನೂರಕ್ಕೆ 10ಕ್ಕಿಂತ ಹೆಚ್ಚಾಗಿ ಮೀರಬಾರದು. ಆದರೆ ತಾತ್ಕಾಲಿಕ ವಾಸಕ್ಕೆಂದು ಕೊಡುವ ಮನೆಗೆ ಈ ಕಟ್ಟು ಅನ್ವಯಿಸುವುದಿಲ್ಲ, ಆಗಂತುಕನಿಗೆ ಮೊದಲು ದೊರೆಯುವುದೋ ಅಂತಹುದೇ. 2020ರಲ್ಲಿ ನಗರವು ತಾನೇ ವಿಧಿಸಿದ ಬಾಡಿಗೆಯ ಮಿತಿಯನ್ನು, ರಾಜ್ಯವೂ ಆಗಿರುವ ಬರ್ಲಿನ್ನಿಗೆ ಆ ಅಧಿಕಾರವಿಲ್ಲವೆಂದು ಸಂವಿಧಾನ ನ್ಯಾಯಾಲಯವು 2021ರ ಏಪ್ರಿಲಿನಲ್ಲಿ ರದ್ದುಗೊಳಿಸಿತು. ಇನ್ನು ಕಾಗದದಲ್ಲಿ ಕಾಣದ ಅಡ್ಡಿ ಹೆಸರಿನದು. 2017ರಲ್ಲಿ ಅಲ್ಲಿನ ಪತ್ರಕರ್ತರು ಜರ್ಮನಿಯ ಹತ್ತು ನಗರಗಳಲ್ಲಿ ಒಂದೇ ಬಗೆಯ ಅರ್ಜಿಗಳನ್ನು ಬೇರೆಬೇರೆ ಹೆಸರುಗಳಲ್ಲಿ ಕಳುಹಿಸಿ ನೋಡಿದಾಗ, ಜರ್ಮನ್ ಹೆಸರಿನವರಿಗಿಂತ ಅರಬ್ಬೀ ಮತ್ತು ತುರ್ಕಿ ಹೆಸರಿನವರಿಗೆ ಕರೆ ಕಡಮೆಯಾಗಿ ಬಂದಿತು. ಇಂತಹ ಭೇದವನ್ನು ನಿಷೇಧಿಸುವ ಕಾಯಿದೆಯು 2006ರಿಂದಲೇ ಇದ್ದರೂ ಹೀಗಾಯಿತು.

ಆದುದರಿಂದ ನನ್ನ ನಿರ್ಣಯವಿದು: ಬರ್ಲಿನ್ನಿನ ಬಾಡಿಗೆಯ ಧರ್ಮವು ಉದಾರವಾದುದು, ಆದರೆ ಅಪೂರ್ಣವಾದುದು, ಮನೆಯಲ್ಲಿರುವವನ ಹಕ್ಕನ್ನು ಅರಿತಂತೆ ಮನೆಯನ್ನು ಅರಸುವವನ ಹಕ್ಕನ್ನು ಅದು ಅರಿತಿಲ್ಲ. ಹೊಸಬನನ್ನು ಹಳೆಯ ದಾಖಲೆಯಿಂದ ಅಳೆಯದೆ ಕೈಯಲ್ಲಿರುವ ಉದ್ಯೋಗದ ಕರಾರಿನಿಂದ ಅಳೆಯುವುದು ನ್ಯಾಯ. ಅಲ್ಲಿಯವರೆಗೆ, ಮೊದಲು ಹೋಗಿ ನೆಲೆಸಿದ ಕನ್ನಡಿಗರಲ್ಲಿ ಒಂದು ಬಿನ್ನಹ: ತಕ್ಕ ಕಾರಣವಿದ್ದರೆ ಮಾಲೀಕನ ಒಪ್ಪಿಗೆ ಪಡೆದು ಮನೆಯ ಒಂದು ಕೋಣೆಯನ್ನು ಒಳಬಾಡಿಗೆಗೆ ಕೊಡಲು ಅಲ್ಲಿನ ಕಾನೂನು ಅವಕಾಶವಿತ್ತಿದೆ. ಕೋಣೆಯೊಡನೆ ನೋಂದಣಿಯ ದೃಢೀಕರಣವನ್ನೂ ಬರೆದುಕೊಡಿರಿ. ಹೊಸದಾಗಿ ಬಂದವನಿಗೆ ಆ ಒಂದು ಹಾಳೆಯೇ ನಗರದ ಬಾಗಿಲು.